ಮುದ್ದಮ್ಮನ ಬೇಟೆ, ಅಪ್ಪನ ಎಡೆ

ಬೆಕ್ಕು ಸಾಕುವುದರಲ್ಲಿ ಕಷ್ಟವೇನೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ನಾಯಿಯಾದರೆ ಬೆಳಗ್ಗೆ ಎದ್ದು ವಾಕಿಂಗ್ ಕರೆದುಕೊಂಡು ಹೋಗಬೇಕು, ಅದು ಕಂಬ ಕಂಡಲ್ಲೆಲ್ಲ ನಿಂತರೆ ನಾವೂ ಆಕಾಶ ನೋಡುತ್ತ ನಿಲ್ಲಬೇಕು. ಬೆಕ್ಕಿಗೆ ಒಂದು ಬಟ್ಟಲು ಹಾಲಿಟ್ಟು ಹಿಂಬಾಗಿಲು ತೆರೆದರೆ ಮುಗಿಯಿತು, ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಇಷ್ಟು ಸರಳವಾದ ವಿಷಯದ ರಗಳೆ, ತೀರಿಹೋದ ನನ್ನ ತಂದೆಯವರ ಊಟದವರೆಗೂ ಹೋಗಿ ಮುಟ್ಟುತ್ತದೆ ಎಂದು ಯಾರು ತಾನೇ ಊಹಿಸಿಯಾರು?

ನಮ್ಮದು ಜಕ್ಕೂರಿನ ಹಳೇ ಊರಿನೊಳಗಿನ ಮನೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದು ನಿಂತಿದ್ದರೂ ನಮ್ಮ ಹಿತ್ತಲು ಹಾಗೇ ಉಳಿದಿದೆ. ಒಂದು ಹೊಂಗೆ, ಒಂದು ನುಗ್ಗೆ, ದಾಸವಾಳದ ಬೇಲಿ. ಕೆರೆ ಹತ್ತಿರವಿರುವುದರಿಂದ ಹಕ್ಕಿಗಳಿಗೂ ಕೊರತೆಯಿಲ್ಲ. ಪಕ್ಕದ ಸೈಟಿನಲ್ಲಿ ಯಾರೋ ಪಾಯ ತೋಡಿಸಿದಾಗ ಅಲ್ಲಿದ್ದ ಹೆಗ್ಗಣಗಳೆಲ್ಲ ಸಂಸಾರ ಸಮೇತ ನಮ್ಮ ಮನೆಗೆ ಬಂದವು. ಅವುಗಳ ಕಾಟ ತಡೆಯಲಾರದೆ ನನ್ನ ಹೆಂಡತಿ ಪುಷ್ಪ, ಹಾಲಿನ ಬೂತಿನ ಹತ್ತಿರ ಅಳುತ್ತಿದ್ದ ಬೂದು ಬಣ್ಣದ ಬೆಕ್ಕಿನ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿ ತಂದಳು. ಅದರ ಮುಖದ ಸಾತ್ವಿಕ ಕಳೆ ನೋಡಿ ನಾನೇ ಮುದ್ದಮ್ಮ ಎಂದು ನಾಮಕರಣ ಮಾಡಿದೆ.

ಹಿಂದಿನ ಮನೆಯಲ್ಲಿ ಬಿರಾದಾರ್ ಸರ್ ಬಾಡಿಗೆಗೆ ಇದ್ದಾರೆ. ವಿಜಯಪುರದ ಕಡೆಯವರು, ಯಲಹಂಕದ ಕಾಲೇಜೊಂದರಲ್ಲಿ ಮೇಷ್ಟ್ರು. ಹಕ್ಕಿಗಳೆಂದರೆ ಪ್ರಾಣ. ಕಾಂಪೌಂಡಿನ ಮೇಲೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರು, ಇನ್ನೊಂದರಲ್ಲಿ ನವಣೆ ಇಟ್ಟು, ರಜೆ ಬಂದರೆ ಬೈನಾಕ್ಯುಲರ್ ಹಿಡಿದು ಕೂರುತ್ತಾರೆ. ಮುದ್ದಮ್ಮ ಬಂದ ವಾರದಲ್ಲೇ ಅವರು ಗೇಟಿನ ಹತ್ತಿರ ನಿಂತು, ತುಂಬ ವಿನಯದಿಂದ ಒಂದು ಮಾತು ಹೇಳಿದರು.

"ಬೆಕ್ಕಿನ್ನ ಮನಿ ಒಳಗ ಇಟ್ಕೊಳ್ರಿ ಸರ. ಹೊರಗ ಬಿಟ್ರ ಈ ಹಿತ್ತಲದಾಗ ಒಂದು ಹಕ್ಕಿ ಉಳಿಯೂದಿಲ್ಲ."

ನನಗೆ ಉಪದೇಶ ಕೇಳುವುದಕ್ಕಿಂತ ಮಾಡುವುದು ಇಷ್ಟ. ಪ್ರಾಣಿಯನ್ನು ನಾಲ್ಕು ಗೋಡೆಗಳ ಮಧ್ಯೆ ಕೂಡಿಹಾಕುವುದು ಪ್ರಕೃತಿಗೆ ವಿರುದ್ಧವಾದದ್ದೆಂದೂ, ಮನುಷ್ಯ ಇಂಥದ್ದರಲ್ಲಿ ತಲೆ ಹಾಕಬಾರದೆಂದೂ, ಇಷ್ಟಕ್ಕೂ ನಮ್ಮ ಮುದ್ದಮ್ಮನ ಗಮನವೆಲ್ಲ ಹೆಗ್ಗಣಗಳ ಮೇಲಿದೆಯೆಂದೂ ಸವಿಸ್ತಾರವಾಗಿ ವಿವರಿಸಿದೆ. ಬಿರಾದಾರ್ ಸರ್ ತಲೆಯಾಡಿಸಿ ಹೋದರು. ಅದನ್ನು ಒಪ್ಪಿಗೆ ಎಂದುಕೊಂಡದ್ದು ನನ್ನ ಸ್ವಭಾವ.

ಮುದ್ದಮ್ಮ ಬೆಳೆದಳು. ಮೊದಲು ಹಲ್ಲಿ ತಂದಳು, ಆಮೇಲೆ ಓತಿಕ್ಯಾತ, ಆಮೇಲೆ ಅಳಿಲು. ತಂದದ್ದನ್ನು ಕಾಲೊರಸಿನ ಮೇಲೆ ನೀಟಾಗಿ ಮಲಗಿಸಿ, ನಾನು ಬಂದು ನೋಡುವವರೆಗೂ ಪಕ್ಕದಲ್ಲಿ ಕೂತಿರುತ್ತಿದ್ದಳು. ಒಂದು ದಿನ ಆಫೀಸಿಗೆ ಹೊರಟು ಶೂಗೆ ಕಾಲು ತೂರಿಸಿದರೆ ಒಳಗೆ ಏನೋ ತಣ್ಣಗೆ ಮೆತ್ತಗೆ ತಾಗಿತು. ಅರ್ಧ ಕಪ್ಪೆ. ಇನ್ನರ್ಧ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಇನ್ನೊಂದು ಶೂನಲ್ಲಿತ್ತು! ಹೆಗ್ಗಣ ಮಾತ್ರ ಒಂದೂ ಇಲ್ಲ. ಸಂಪಿನ ಮುಚ್ಚಳದ ಮೇಲೆ ಹೆಗ್ಗಣವೂ ಮುದ್ದಮ್ಮನೂ ಎದುರಾದದ್ದನ್ನು ನಾನೇ ಕಣ್ಣಾರೆ ಕಂಡೆ. ಮುದ್ದಮ್ಮ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಬಿರಾದಾರ್ ಸರ್ ಇಟ್ಟಿದ್ದ ನವಣೆ ತಟ್ಟೆ ಅವಳ ಪಾಲಿಗೆ ಖಾನಾವಳಿಯಾಯಿತು. ದಾಸವಾಳದ ಬೇಲಿಯೊಳಗೆ ಅವಿತು ಕೂತರೆ ಸಾಕು, ಊಟ ತಾನೇ ಹಾರಿ ಬರುತ್ತಿತ್ತು. ಒಂದು ಬೆಳಗ್ಗೆ, ದಾಸವಾಳದ ಮಕರಂದ ಹೀರಲು ಬರುವ, ಹೆಬ್ಬೆರಳಿನಷ್ಟೇ ಇದ್ದ ಸೂರಕ್ಕಿಯೊಂದನ್ನು ತಂದಳು. ನೀಲಿ ಬಣ್ಣ ಇನ್ನೂ ಮಿರಿಮಿರಿ ಮಿಂಚುತ್ತಿತ್ತು. ಅದನ್ನು ಅಂಗೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದೆ. ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆ. ಇನ್ನಾದರೂ ಒಳಗೆ ಇಟ್ಟುಕೊಳ್ಳೋಣ ಎಂದು ಪುಷ್ಪ ಹೇಳಿದಳು. ಪ್ರಕೃತಿಯ ಬಗ್ಗೆ ಅಷ್ಟು ದೊಡ್ಡ ಭಾಷಣ ಮಾಡಿದ ಮೇಲೆ ಹಿಂದೆ ಸರಿಯುವುದು ಹೇಗೆ? ನೋಡೋಣ ಎಂದೆ.

ಮುಂಗಾರು ಹಿಡಿಯುವ ಹೊತ್ತಿಗೆ ಹೊಂಗೆಮರದ ಕಾಗೆ ಗೂಡಿನಿಂದ ಒಂದು ಮರಿ ಕೆಳಗೆ ಬಿತ್ತು. ಮುದ್ದಮ್ಮ ಅದರ ರೆಕ್ಕೆ ಕಚ್ಚಿ ಎಳೆದುಕೊಂಡು ಬರುತ್ತಿದ್ದಳು. ಈ ಸಲ ಸುಮ್ಮನಿರಬಾರದೆಂದು ನಾನು ಓಡಿಹೋಗಿ ಮರಿಯನ್ನು ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹೊಂಗೆಮರದ ಕೆಳಗೆ ನಿಂತು ಪುಷ್ಪಳನ್ನು ಕೂಗಿದೆ. ನನ್ನ ಕರುಣೆಯನ್ನು ಅವಳೂ ನೋಡಲಿ ಎಂಬುದು ಉದ್ದೇಶ. ನೋಡಿದ್ದು ಕಾಗೆಗಳು! ಬೆಕ್ಕು ಮರಿಯನ್ನು ಕಚ್ಚಿದ್ದನ್ನು ಕಂಡದ್ದು ಬಹುಶಃ ಒಂದೋ ಎರಡೋ. ನಾನು ಮರಿ ಹಿಡಿದು ನಿಂತದ್ದನ್ನು ಕಂಡದ್ದು ಸಮಸ್ತ ಜಕ್ಕೂರಿನ ಕಾಗೆ ಸಮುದಾಯ. ಮುದ್ದಮ್ಮ ಮಂಚದ ಕೆಳಗೆ ಸೇರಿಕೊಂಡಳು. ನನಗೆ ಆ ಸೌಲಭ್ಯ ಇರಲಿಲ್ಲ.

ಕೊನೆಗೆ ಮರಿಯನ್ನು ಬುಟ್ಟಿಯಲ್ಲಿಟ್ಟು, ಏಣಿ ಹಾಕಿ ಮರ ಸೇರಿಸಿದವರು ಬಿರಾದಾರ್ ಸರ್. ಆ ಸೆಕೆಯಲ್ಲೂ ಅವರು ಮಂಕಿ ಕ್ಯಾಪ್ ಹಾಕಿಕೊಂಡು ಮರ ಹತ್ತಿದ್ದನ್ನು ನೋಡಿ ನಾನು ನಕ್ಕೆ. ಇಳಿದ ಮೇಲೆ ಅವರು ಹೇಳಿದರು: "ನಗಬ್ಯಾಡ್ರಿ ಸರ. ಕಾಗಿ ಒಮ್ಮೆ ಮಾರಿ ನೋಡಿದ್ರ ಮರಿಯೂದಿಲ್ಲ. ಮಕ್ಕಳಿಗೂ ತೋರಿಸಿ ಹೇಳ್ಕೊಡ್ತಾವ."

ಕಾಗೆ ಮನುಷ್ಯರ ಮುಖ ನೆನಪಿಟ್ಟುಕೊಳ್ಳುವುದುಂಟೇ, ಮೇಷ್ಟ್ರುಗಳು ಯಾವಾಗಲೂ ಸ್ವಲ್ಪ ಹೆಚ್ಚೇ ಹೇಳುತ್ತಾರೆ ಎಂದುಕೊಂಡೆ. ಮಾರನೇ ದಿನ ಹಾಲಿಗೆ ಹೊರಟಾಗ ಹಿಂದಿನಿಂದ ನೆತ್ತಿಯ ಮೇಲೆ ಟಪ್ ಎಂದು ಒಂದು ಬಿತ್ತು. ಅಂದಿನಿಂದ ನಾನು ಗೇಟು ದಾಟಿದರೆ ಸಾಕು, ಕಂಬದ ಮೇಲಿನದು ಕೂಗುತ್ತದೆ, ತಂತಿಯ ಮೇಲಿನದು ಇಳಿಯುತ್ತದೆ. ಬೀದಿಯವರು ಮಳೆಗೆ ಕೊಡೆ ಬಿಚ್ಚುವ ಕಾಲದಲ್ಲಿ ನಾನು ಬಿಸಿಲಲ್ಲೂ ಬಿಚ್ಚಿಕೊಂಡು ಓಡಾಡಿದೆ. ಆಮೇಲೆ ಹೆಲ್ಮೆಟ್ಟೇ ವಾಸಿ ಎನಿಸಿತು. ತರಕಾರಿ ಅಂಗಡಿಯವನು, "ಗುರು, ಗಾಡಿ ಎಲ್ಲಿ?" ಎಂದು ಕೇಳುತ್ತಿದ್ದ. ನಡೆದೇ ಬಂದೆ ಎಂದರೆ ಸೊಪ್ಪಿನ ಕಟ್ಟು ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು.

ಇಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡ ಹಿರಿಯರಿಗೆ ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಮಾಡಿ ಎಡೆಯಿಡುತ್ತಾರೆ. ಫೋಟೋ ಮುಂದೆ ಒಂದು ಎಲೆ, ಮಹಡಿಯ ಮೇಲೆ ಕಾಗೆಗೆ ಒಂದು ಎಲೆ. ಕಾಗೆ ಬಂದು ಮುಟ್ಟಿದರೆ ಹಿರಿಯರು ಬಂದು ಉಂಡರು ಎಂದು ಅರ್ಥ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಒಂದು ತುತ್ತೂ ಬಾಯಿಗಿಡುವಂತಿಲ್ಲ. ಅಪ್ಪ ಕೊನೆಗಾಲದಲ್ಲಿ ನನ್ನ ತಮ್ಮ ಮಂಜುವಿನ ಹುಣಸಮಾರನಹಳ್ಳಿ ಮನೆಯಲ್ಲಿ ಇದ್ದುದರಿಂದ ಎಡೆಯೂ ಅಲ್ಲೇ ನಡೆಯುತ್ತಿತ್ತು. ನಾನು ಹಿರಿಮಗ, ಈ ಸಲ ನಮ್ಮಲ್ಲೇ ಆಗಬೇಕು ಎಂದು ಹಠ ಹಿಡಿದೆ. ಅಪ್ಪನಿಗೆ ನನ್ನ ಕೈಯಾರೆ ಒಂದು ಸಲ ಉಣಿಸಬೇಕು ಎಂಬ ಆಸೆ ನನಗೆ ನಿಜವಾಗಿಯೂ ಇತ್ತು.

ಅಪ್ಪನ ಅಕ್ಕ, ರಾಜಾನುಕುಂಟೆಯ ಲಕ್ಕಮ್ಮತ್ತೆ, ಇಂಥ ವಿಷಯಗಳಲ್ಲಿ ನಮಗೆ ಹೈಕೋರ್ಟು. ಆಯಿತು, ಈ ವರ್ಷ ನಾಗನ, ಎಂದರೆ ನನ್ನ, ಮನೆಯಲ್ಲೇ ಆಗಲಿ, ತೀರಿಹೋದ ತಮ್ಮ ಅಲ್ಲಿಗೆ ಬರುತ್ತಾನೋ ಇಲ್ಲವೋ ನೋಡೋಣ ಎಂದು ಅತ್ತೆ ಅಪ್ಪಣೆ ಕೊಟ್ಟರು.

ನನಗೂ ಕಾಗೆಗಳಿಗೂ ಇರುವ ವ್ಯವಹಾರ ಮನೆಯವರಲ್ಲಿ ಗೊತ್ತಿದ್ದದ್ದು ಪುಷ್ಪಳಿಗೆ ಮಾತ್ರ. ಎಡೆಯನ್ನು ಮಂಜು ಕೈಯಲ್ಲಿ ಇಡಿಸಿ, ನೀವು ಕೆಳಗಿರಿ ಎಂದು ಅವಳು ಮೊದಲೇ ಹೇಳಿದಳು. ನಾನು ಕೇಳಬೇಕಲ್ಲ! ಮಟನ್ ಸಾರಿನ ವಾಸನೆ ಬಡಿದರೆ ಯಾವ ಕಾಗೆ ತಾನೇ ದ್ವೇಷ ಸಾಧಿಸುತ್ತದೆ ಎಂದು ಅವಳನ್ನೇ ಸಮಾಧಾನಪಡಿಸಿದೆ. ಮುದ್ದಮ್ಮನನ್ನು ಒಂದು ಮೀನಿನ ತುಂಡಿನ ಸಮೇತ ಬಚ್ಚಲುಮನೆಗೆ ಹಾಕಿ ಚಿಲಕ ಜಡಿದೆ. ವೆಂಟಿಲೇಟರಿನ ಒಂದು ಗಾಜು ಇಲ್ಲದಿರುವುದು ನನಗೆ ನೆನಪಿತ್ತು. ಅಷ್ಟು ಸಣ್ಣ ಕಿಂಡಿಯಲ್ಲಿ ಅಷ್ಟು ದಪ್ಪ ಬೆಕ್ಕು ತೂರುವುದಿಲ್ಲ ಎಂದೂ ಲೆಕ್ಕ ಹಾಕಿದ್ದೆ.

ಅಮಾವಾಸ್ಯೆಯ ಮಧ್ಯಾಹ್ನ ಮನೆಯೆಲ್ಲ ಮಸಾಲೆಯ ಘಮ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕಜ್ಜಾಯ, ಅಪ್ಪನ ಇಷ್ಟದ ಬ್ರಾಂದಿ, ಒಂದು ಕಟ್ಟು ಬೀಡಿ. ಫೋಟೋಗೆ ಧೂಪ ಹಾಕಿ, ಕಾಗೆಯ ಎಲೆ ಹಿಡಿದು ಎಲ್ಲರೂ ಮಹಡಿ ಹತ್ತಿದೆವು. ಮುಂದೆ ಎಲೆ ಹಿಡಿದ ನಾನು, ಪಂಚೆ, ಶಲ್ಯ, ತಲೆಗೆ ಹೆಲ್ಮೆಟ್. ಅತ್ತೆ ಮೆಟ್ಟಿಲ ಮೇಲೇ ನಿಂತರು.

"ಅದ್ಯಾಕಪ್ಪಾ ನಾಗ ಎಲ್ಮೆಟ್ಟು? ತೆಗಿ. ಮಕ ಮುಚ್ಕಂಡ್ರೆ ನಿನ್ ಗುರ್ತು ಎಂಗೆ ಸಿಗ್ಬೇಕು ಅವ್ನಿಗೆ?"

ಗುರುತು ಸಿಗಬಾರದೆಂಬುದೇ ನನ್ನ ಉದ್ದೇಶ ಎಂದು ಹೇಳಲಾದೀತೇ? ತೆಗೆದೆ. ಆ ದಿನಕ್ಕೆಂದೇ ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದೆ. ಕರಿ ತಲೆ ಬಿಸಿಲಿಗೆ ಮಿಂಚಿತು. ಎಲೆಯನ್ನು ಗೋಡೆಯ ಮೇಲಿಟ್ಟು, ಸುತ್ತ ನೀರು ತಳಿದು, ಕೈಮುಗಿದು ಕಾ ಕಾ ಎಂದು ಕರೆದೆ. ಎದುರು ಮನೆಯ ತೆಂಗಿನ ಗರಿಯ ಮೇಲೆ ಒಂದು ಕಾಗೆ ಬಂದು ಕೂತಿತು. ಎಲೆ ನೋಡಿತು. ಕತ್ತು ಓರೆ ಮಾಡಿ ನನ್ನನ್ನು ನೋಡಿತು. ಆಮೇಲೆ ಅದು ಹಾಕಿದ ಕೂಗಿದೆಯಲ್ಲ, ಅದರಲ್ಲಿ ಊಟದ ಸುದ್ದಿ ಇರಲಿಲ್ಲ. ನಾಲ್ಕೂ ದಿಕ್ಕಿನಿಂದ ಕಾಗೆಗಳು ಎದ್ದವು. ಮಟನ್ ಕಡೆ ಒಂದೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೆದುರಿಗೆ, ಕೈಮುಗಿದು ನಿಂತ ಹಿರಿಮಗನ ನೆತ್ತಿಗೆ ಒಂದರ ಹಿಂದೆ ಒಂದು ಬಂದು ಕುಕ್ಕಿ ಹೋದವು!

ಅತ್ತೆ ನಿಧಾನವಾಗಿ ಕೇಳಿದರು, "ಯಾಕಪ್ಪಾ ನಾಗ, ನಿಮ್ಮಪ್ಪ ಇಂಗೆ ಒಡೀತಾವ್ನೆ?"

ಇದು ಅಪ್ಪನಲ್ಲ, ಬೆಕ್ಕಿನ ಕಥೆ ಎಂದು ವಿವರಿಸಲು ಹೊರಟೆ. ಕಾಗೆ ಮರಿ, ಮಂಕಿ ಕ್ಯಾಪು, ಬಿರಾದಾರ್ ಸರ್ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಂತೆ ನನಗೇ ನಂಬಿಕೆ ಕಡಿಮೆಯಾಗತೊಡಗಿತು. ಮೂಕ ಪ್ರಾಣಿಯ ಮೇಲೆ ಹಾಕಬೇಡ ಎಂದು ಅತ್ತೆ ಅರ್ಧದಲ್ಲೇ ತಡೆದರು. ನಿಮ್ಮಪ್ಪ ಏನೋ ಆಸೆ ಉಳಿಸಿಕೊಂಡು ಹೋಗಿದ್ದಾನೆ, ಅದನ್ನು ನೆರವೇರಿಸುತ್ತೇನೆ ಎಂದು ಬಾಯಿಬಿಟ್ಟು ಮಾತು ಕೊಡು, ಆಗ ಬರುತ್ತಾನೆ ಎಂದು ತೀರ್ಪಿತ್ತರು. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತು ಮೀರಿದರೆ ತಲೆ ಸುತ್ತುತ್ತದೆ. ಕೆಳಗೆ ಮುದ್ದೆ ಆರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ನಮ್ಮ ಮನೆಯವರೆಗೂ ಬಂದು ಉಣ್ಣದೆ ಹಿಂದಿರುಗುತ್ತಿದ್ದಾರೆ ಎಂಬ ಯೋಚನೆ ಬಂತು. ಕಾಗೆಗಳ ಸಿಟ್ಟಿನ ಕಾರಣ ಚೆನ್ನಾಗಿ ಗೊತ್ತಿದ್ದ ನನಗೇ ಹಾಗನ್ನಿಸಿತೆಂದರೆ ನೋಡಿ.

"ಅಪ್ಪಾ, ನಿನ್ನ ಆಸೆ ಏನಿದ್ರೂ ನೆರವೇರಿಸ್ತೀನಿ, ಬಾ" ಎಂದೆ.

ಕಾಗೆ ಬರಲಿಲ್ಲ. ಮಂಜು ಹತ್ತಿರ ಬಂದ. ಅಪ್ಪನ ಹಳೇ ಮೋಟಾರ್ ಬೈಕು ನಮ್ಮ ಮನೆಯ ಮೆಟ್ಟಿಲ ಕೆಳಗಿದೆ, ನಾನು ಪ್ರತಿ ವಾರ ಒರೆಸಿ ಹೊಳಪು ಮಾಡಿಟ್ಟಿರುವುದು. ಅದನ್ನು ನೋಡುವಾಗೆಲ್ಲ ಮಂಜುವಿನ ಕಣ್ಣು ನೆಡುವುದು ನನಗೆ ಗೊತ್ತಿತ್ತು. "ಅಣ್ಣ, ಆ ಬೈಕ್ ನಂಗೆ ಕೊಡ್ಬೇಕು ಅಂತ ಅಪ್ಪ ತುಂಬಾ ಸಲ ಅಂದಿತ್ತು ಕಣೋ" ಎಂದ, ದನಿ ತಗ್ಗಿಸಿ. ಅಪ್ಪ ಅಂದದ್ದನ್ನು ನಾನೊಮ್ಮೆಯೂ ಕೇಳಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಸಾಕ್ಷಿ ಕೇಳುವುದುಂಟೇ? ಬೈಕು ಮಂಜುವಿಗೆ ಎಂದು ಕೈಮುಗಿದೆ. ನೆತ್ತಿಗೆ ಇನ್ನೊಂದು ಬಿತ್ತು.

ಆಗ ಪುಷ್ಪ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೊಸೆ ಭಾನುವಾರವೂ ಒಲೆ ಮುಂದೆ ಬೇಯುವುದನ್ನು ಮಾವನವರಿಗೆ ನೋಡಲಾಗುತ್ತಿರಲಿಲ್ಲವಂತೆ. ಭಾನುವಾರದ ಅಡುಗೆಯನ್ನು ಮಗ ಮಾಡಲಿ ಎಂಬುದು ಅವರ ಮನಸ್ಸಿನಲ್ಲಿತ್ತಂತೆ. ನನ್ನಪ್ಪ ಜೀವಮಾನದಲ್ಲಿ ತಾನು ಉಂಡ ತಟ್ಟೆಯನ್ನು ತಾನು ಎತ್ತಿದವರಲ್ಲ! ನಾನು ಅವಳ ಮುಖ ನೋಡಿದೆ. ಕಣ್ಣಲ್ಲಿ ನೀರು, ತುಟಿಯ ಮೂಲೆಯಲ್ಲಿ ಬೇರೇನೋ. ಅದಕ್ಕೂ ಹೂಂ ಎಂದೆ.

ಕೊನೆಯದು ಅತ್ತೆಯದು. "ನೀನು ಎಸ್ಸೆಲ್ಸಿ ಪಾಸಾದ್ರೆ ಘಾಟೀಲಿ ನಿನ್ ಮುಡಿ ಕೊಡುಸ್ತೀನಿ ಅಂತ ಅರಕೆ ಒತ್ಕಂಡಿದ್ದ ಕಣಪ್ಪಾ. ಈಡೇರ್ಸ್ನಿಲ್ಲ. ಅದ್ಕೇ ಬೇರೆ ಕಡೆ ಬುಟ್ಟು ತಲೆಗೇ ಕುಕ್ತಾವ್ನೆ."

ಇದಕ್ಕೆ ಎದುರಾಡುವ ಧೈರ್ಯ ಯಾರಿಗಿದೆ? ಕುಕ್ಕುತ್ತಿದ್ದದ್ದು ತಲೆಗೇ. ಬಣ್ಣ ಇನ್ನೂ ಒಣಗಿರದ ಕೂದಲನ್ನು ಒಮ್ಮೆ ಸವರಿಕೊಂಡು, ಬರುವ ಷಷ್ಠಿಗೆ ಘಾಟಿ ದೇವಸ್ಥಾನಕ್ಕೆ ಹೋಗಿ ಮುಡಿ ಕೊಡುತ್ತೇನೆ ಎಂದು ಗಟ್ಟಿಯಾಗಿ ಹೇಳಿದೆ. ಅತ್ತೆಯ ಪುಣ್ಯವೋ ಏನೋ, ಒಂದು ಸಣಕಲು ಕಾಗೆ ಗುಂಪಿನಿಂದ ಬೇರೆಯಾಗಿ ಗೋಡೆಯ ಮೇಲೆ ಇಳಿಯಿತು. ಅದು ಎರಡು ಹೆಜ್ಜೆ ಕುಪ್ಪಳಿಸಿ, ಬೋಟಿ ಗೊಜ್ಜಿಗೆ ಕೊಕ್ಕು ಚಾಚಿತು. ಅಪ್ಪ ಬಂದೇಬಿಟ್ಟರು ಎಂದು ನಾನು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ನೀರಿನ ಟ್ಯಾಂಕಿನ ಹಿಂದಿನಿಂದ ಬೂದು ಬಣ್ಣದ್ದೊಂದು ಹಾರಿ ಬಂದದ್ದಷ್ಟೇ ಕಂಡಿತು. ಮುದ್ದಮ್ಮ! ಮೈಮೇಲೆ ಬಚ್ಚಲಿನ ಜೇಡರ ಬಲೆ. ಕಾಗೆ ಒಂದು ಗರಿ ಬಿಟ್ಟು ತಪ್ಪಿಸಿಕೊಂಡಿತು. ನಾನು ಓಡಿ ಮುದ್ದಮ್ಮನನ್ನು ಹಿಡಿದೆ. ಅವಳ ಬಾಯಿಂದ ಬಿದ್ದ ಆ ಕರಿ ಗರಿಯನ್ನು ಅಭ್ಯಾಸಬಲದಿಂದ ಕೈಗೆತ್ತಿಕೊಂಡೆ. ಒಂದು ಕೈಯಲ್ಲಿ ಬೆಕ್ಕು, ಇನ್ನೊಂದು ಕೈಯಲ್ಲಿ ಗರಿ. ಮೇಲಿದ್ದ ಕಾಗೆಗಳಿಗೆ ಇನ್ನು ವಿಚಾರಣೆಯ ಅಗತ್ಯವೇ ಉಳಿಯಲಿಲ್ಲ.

ಅತ್ತೆಗೆ ಈಗ ಎಲ್ಲವೂ ಅರ್ಥವಾಯಿತು. ಇಬ್ಬರೂ ಕೆಳಗೆ ಹೋಗಿ ಎಂದರು. ಒಂದೇ ಮಾತು. ಮಂಜು ನನ್ನನ್ನೂ ಮುದ್ದಮ್ಮನನ್ನೂ ಬಚ್ಚಲುಮನೆಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿದ. ವೆಂಟಿಲೇಟರಿನ ಕಿಂಡಿಗೆ ಕೈ ಅಡ್ಡ ಹಿಡಿದು ನಿಲ್ಲುವುದು ನನ್ನ ಕೆಲಸ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳಿಗೆ ಪಶ್ಚಾತ್ತಾಪವಿದ್ದಂತೆ ಕಾಣಲಿಲ್ಲ, ಮೀನಿನ ಮುಳ್ಳು ನೆಕ್ಕತೊಡಗಿದಳು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ರೆಕ್ಕೆ ಬಡಿಯುವ ಸದ್ದು ಕೇಳಿಸಿತು. ಒಂದಲ್ಲ, ಹತ್ತಾರು. ಆಮೇಲೆ ಅತ್ತೆಯ ದನಿ: "ಬಂದವ್ನೆ. ಉಣ್ತಾವ್ನೆ ನನ್ ತಮ್ಮ." ಆ ದನಿಯಲ್ಲಿ ಅಳುವಿತ್ತು. ನನಗೂ ಅಳು ಬಂತು. ಬಾಗಿಲು ಬಡಿದು ತೆರೆಸಿ ಓಡಿಹೋಗಿ ಒಂದು ಸಲ ನೋಡಬೇಕೆನಿಸಿತು. ನೋಡಲು ಹೋದರೆ ಅಪ್ಪ ಎಲೆ ಬಿಟ್ಟು ಏಳುತ್ತಾರಲ್ಲ! ಕಿಂಡಿಗೆ ಬಾಯಿ ಹಚ್ಚಿ, ಮೊದಲು ಏನು ತಿಂದ್ರೋ ಎಂದು ಮಂಜುವನ್ನು ಕೇಳಿದೆ. ಬೋಟಿ ಗೊಜ್ಜು ಅಣ್ಣ, ಎಲೆ ಬಳ್ಕೊಂಡು ತಿಂತಾವೆ ಎಂದು ಮೇಲಿನಿಂದ ಉತ್ತರ ಬಂತು. ಅಪ್ಪನೂ ಮೊದಲು ಅದಕ್ಕೇ ಕೈ ಹಾಕುತ್ತಿದ್ದರು. ಬಚ್ಚಲುಮನೆಯಲ್ಲಿ ನಿಂತೇ ಕೈಮುಗಿದೆ.

ಊಟಕ್ಕೆ ಕೂತಾಗ ನಾನು ಒಂದು ಕಾನೂನಿನ ಪ್ರಶ್ನೆ ಎತ್ತಿದೆ. ಕಾಗೆ ಬಂದದ್ದು ನಾನು ಮಾತು ಕೊಟ್ಟದ್ದಕ್ಕಲ್ಲ, ಕೆಳಗೆ ಹೋದದ್ದಕ್ಕೆ. ಆದ್ದರಿಂದ ಬೈಕು, ಭಾನುವಾರ ಮತ್ತು ಮುಡಿಯ ಒಪ್ಪಂದಗಳು ರದ್ದಾಗಬೇಕಲ್ಲವೇ? ಮಂಜು ಮೂಳೆ ಚೀಪುತ್ತ ಬೈಕಿನ ಕೀ ಎಲ್ಲಿದೆ ಎಂದು ಕೇಳಿದ. ಪುಷ್ಪ ನನ್ನ ಎಲೆಗೆ ಇನ್ನೊಂದು ಕಜ್ಜಾಯ ಹಾಕಿ, ಮುಂದಿನ ಭಾನುವಾರ ಚಪಾತಿ ಸಾಕು, ಜಾಸ್ತಿ ಏನೂ ಬೇಡ ಎಂದಳು.

ಅತ್ತೆ ಕೈ ತೊಳೆದು ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತರು. ಮುಂದಿನ ವರ್ಷದ ಎಡೆ ಎಲ್ಲಿ ಎಂಬ ಪ್ರಶ್ನೆ ಎಲ್ಲರ ಮುಖದ ಮೇಲೂ ಇತ್ತು. ನಾನು ಸೋಲೊಪ್ಪಿಕೊಂಡು, ಮಂಜು ಮನೆಯಲ್ಲೇ ಆಗಲಿ ಅತ್ತೆ ಎಂದೆ. ಅತ್ತೆ ಹೊಂಗೆಮರದ ಕಡೆ ನೋಡಿದರು.

"ಯಾಕೆ, ಇಲ್ಲೇ ಆಗ್ಲಿ. ಅಷ್ಟೊಂದು ಕಾಗೆ ಬೇರೆಲ್ಲೂ ಬರಾಕಿಲ್ಲ. ಜಾಗ ಚೆನ್ನಾಗೈತೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತೊಂದಿನ ನೀನು ಊರಲ್ಲಿರ್ಬ್ಯಾಡ ಕಣಪ್ಪಾ."

ಎಲ್ಲರಿಗೂ ಒಪ್ಪಿಗೆಯಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಹಿರಿಮಗನ ಮನೆಯಲ್ಲಿ ಎಡೆ ಶಾಸ್ತ್ರೋಕ್ತವಾಗಿ ನಡೆಯುತ್ತದೆ, ಹಿರಿಮಗ ಇಲ್ಲದಿದ್ದರಾಯಿತು!